ಯಾರ್ಕ್‌ಗೆ ಹೋಗ್ತಿದ್ದೀರಾ? ಕೋಟೆ ಗೋಡೆಯ ಆಚೆಗೂ ಒಂದು ದಿನ ಇಟ್ಟುಕೊಳ್ಳಿ

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ರೈಲು ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ಯಾರ್ಕ್ ಬರುತ್ತದೆ. ಅದಕ್ಕೇ ನಮ್ಮವರು ಬಹಳ ಜನ ಬೆಳಿಗ್ಗೆ ಬಂದು, ಮಿನ್‌ಸ್ಟರ್ ಚರ್ಚು ಮತ್ತು ಶ್ಯಾಂಬಲ್ಸ್ ಓಣಿ ನೋಡಿ, ಸಂಜೆ ರೈಲಿಗೆ ವಾಪಸ್ ಹೊರಡುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಈ ಬಾರಿ ಅಲ್ಲೇ ಓದುತ್ತಿರುವ ಮಗಳ ಜೊತೆ ಮೂರು ವಾರ ಇದ್ದೆ. ಆ ಊರು ಏನೆಂದು ಗೊತ್ತಾಗಿದ್ದು ಆಗಲೇ. ನೀವು ಕನಿಷ್ಠ ಎರಡು ರಾತ್ರಿ ಉಳಿಯಿರಿ. ರೈಲು ಟಿಕೆಟ್ ಮುಂಚಿತವಾಗಿ ತೆಗೆದರೆ ತುಂಬ ಅಗ್ಗ.

ಮೊದಲ ದಿನ ಬೆಳಿಗ್ಗೆ ಬೇಗ ಎದ್ದು ಶ್ಯಾಂಬಲ್ಸ್‌ಗೆ ಹೋಗಿ. ಹತ್ತು ಗಂಟೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಇದು ಕಸಾಯಿಯವರ ಬೀದಿಯಾಗಿತ್ತು. ಈಗ ಒಂದೂ ಮಾಂಸದಂಗಡಿ ಇಲ್ಲ, ಎಲ್ಲ ಉಡುಗೊರೆ, ಸಿಹಿತಿಂಡಿ, ಮಾಂತ್ರಿಕ ದಂಡಗಳ ಅಂಗಡಿಗಳು. ಆದರೆ ತಲೆ ಎತ್ತಿ ನೋಡಿ, ಮಾಂಸ ನೇತುಹಾಕುತ್ತಿದ್ದ ಕಬ್ಬಿಣದ ಕೊಕ್ಕೆಗಳು ಇನ್ನೂ ಇವೆ. ಕಿಟಕಿಯ ಕೆಳಗಿನ ಅಗಲವಾದ ಹಲಗೆಗಳು ಮಾಂಸ ಹರಡಿಡಲು ಮಾಡಿದವು. ಇನ್ನೊಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ: ಇಲ್ಲಿ 'ಗೇಟ್' ಎಂದರೆ ಬೀದಿ, 'ಬಾರ್' ಎಂದರೆ ಕೋಟೆ ಬಾಗಿಲು. 'ಗೇಟ್' ಎಂಬುದು ಹಿಂದೆ ಸಮುದ್ರ ದಾಟಿ ಬಂದು ಇಲ್ಲಿ ನೆಲೆಸಿದ ವೈಕಿಂಗರ ಭಾಷೆಯಿಂದ ಉಳಿದುಬಂದ ಮಾತು. ಇದು ಗೊತ್ತಿಲ್ಲದೆ ನಾನು ದಾರಿ ಕೇಳಿ ಎರಡು ಸಲ ತಪ್ಪಿಸಿಕೊಂಡೆ.

ಕೋಟೆ ಗೋಡೆಯ ಮೇಲಿನ ನಡಿಗೆಗೆ ಟಿಕೆಟ್ ಇಲ್ಲ, ಕತ್ತಲಾಗುವ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಪೂರ್ತಿ ಸುತ್ತಲು ಆಗದಿದ್ದರೆ ಬೂಥಮ್ ಬಾರ್‌ನಿಂದ ಮಂಕ್ ಬಾರ್‌ವರೆಗಾದರೂ ನಡೆಯಿರಿ. ಮಿನ್‌ಸ್ಟರ್ ಅಷ್ಟು ಚೆನ್ನಾಗಿ ಬೇರೆಲ್ಲಿಂದಲೂ ಕಾಣದು. ಕಲ್ಲು ಹಾಸಿದ ದಾರಿ, ಮಳೆ ಬಂದರೆ ಜಾರುತ್ತದೆ. ಹಿಡಿತವಿರುವ ಬೂಟು ಬೇಕೇ ಬೇಕು.

ಎರಡನೆಯ ದಿನ ಚಾಕೊಲೇಟ್ ಮಾಡುವ ಊರಾಗಿ ಯಾರ್ಕ್ ನೋಡಿ. ಇದನ್ನು ನನಗೆ ಹೇಳಿದ್ದು ಮಗಳ ಪಕ್ಕದ ಮನೆಯ ಅಜ್ಜಿ. ಹ್ಯಾಕ್ಸ್‌ಬಿ ರೋಡಿನ ರೌಂಟ್ರೀ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿದವರು. ಕಿಟ್‌ಕ್ಯಾಟ್ 1935ರಲ್ಲಿ ಹುಟ್ಟಿದ್ದು ಆ ಕಂಪನಿಯಲ್ಲೇ. 1988ರಲ್ಲಿ ನೆಸ್ಲೆ ಅದನ್ನು ಕೊಂಡುಕೊಂಡಿತು. ಪಾಳಿ ಬಿಟ್ಟಾಗ ರಸ್ತೆ ತುಂಬ ಬರೀ ಸೈಕಲ್ಲು, ದಾಟಬೇಕೆಂದರೆ ಕಾದು ನಿಲ್ಲಬೇಕಿತ್ತಂತೆ. ಮುರಿದ ಚಾಕೊಲೇಟುಗಳ ಚೀಲ ಕಡಿಮೆ ಬೆಲೆಗೆ ಸಿಗುತ್ತಿತ್ತು, ಓಣಿಯ ಮಕ್ಕಳೆಲ್ಲ ಬೆಳೆದದ್ದು ಅದನ್ನು ತಿಂದೇ ಅಂದರು. ಮಾತಾಡುತ್ತ ಆಡುತ್ತ ಅವರ ಎರಡೂ ಕೈ ಮೇಜಿನ ಮೇಲೆ ತಾವಾಗಿಯೇ ಆಡತೊಡಗಿದವು. ಎಡಗೈ ಕಾಗದದ ಪುಟ್ಟ ಬಟ್ಟಲನ್ನು ಬಿಡಿಸಿದ ಹಾಗೆ, ಬಲಗೈ ಒಂದೊಂದೇ ಚಾಕೊಲೇಟು ಇಟ್ಟ ಹಾಗೆ. ಸಾಲು ಮುಗಿದ ಕೂಡಲೇ ಮುಂದಿನ ಸಾಲು. ಮೇಜಿನ ಮೇಲೆ ಚಹಾ ಲೋಟ ಬಿಟ್ಟರೆ ಏನೂ ಇರಲಿಲ್ಲ. ನನಗೆ ಗಂಟಲು ಕಟ್ಟಿತು.

ಅವರು ಹೇಳಿದ ದಾರಿ ಇದು. ಊಸ್ ನದಿಯ ದಂಡೆಯಲ್ಲಿ ರೌಂಟ್ರೀ ಪಾರ್ಕ್‌ಗೆ ನಡೆಯಿರಿ. ಮೊದಲ ಮಹಾಯುದ್ಧದಲ್ಲಿ ಮಡಿದ ಕಾರ್ಮಿಕರ ನೆನಪಿಗೆ ಕಂಪನಿ 1921ರಲ್ಲಿ ಊರಿಗೆ ಕೊಟ್ಟ ಉದ್ಯಾನ. ಅಲ್ಲಿಂದ ಮುಂದೆ ಬಿಷಪ್‌ಥಾರ್ಪ್ ರೋಡಿನಲ್ಲಿ ಟೆರೀಸ್ ಚಾಕೊಲೇಟ್ ಫ್ಯಾಕ್ಟರಿ. 2005ರಲ್ಲಿ ಮುಚ್ಚಿತು, ಈಗ ಅಲ್ಲಿ ಅಪಾರ್ಟ್‌ಮೆಂಟುಗಳು. ಗಡಿಯಾರದ ಗೋಪುರ ಮಾತ್ರ ಹಾಗೇ ನಿಂತಿದೆ. ಮಳೆಗಾಲದಂತೆ ಸುರಿದ ದಿನಗಳ ಮರುದಿನ ಈ ದಾರಿ ಹಿಡಿಯಬೇಡಿ, ನದಿ ದಂಡೆ ಮೀರುತ್ತದೆ. ಕಿಂಗ್ಸ್ ಆರ್ಮ್ಸ್ ಪಬ್ಬಿನೊಳಗೆ ಪ್ರವಾಹ ಎಲ್ಲಿಯವರೆಗೆ ಏರಿತ್ತೆಂದು ಗುರುತು ಹಾಕಿದ್ದಾರೆ, ಹೋಗಿ ನೋಡಿ.

ವೈಕಿಂಗರ ಕಾಲದ ಊರನ್ನು ತೋರಿಸುವ ಯಾರ್ವಿಕ್ ವೈಕಿಂಗ್ ಕೇಂದ್ರಕ್ಕೆ ಸಾಲು ಉದ್ದ, ಹೊತ್ತು ಮೊದಲೇ ಕಾದಿರಿಸಿ. ಅದಿರುವ ಕಾಪರ್‌ಗೇಟ್‌ನಲ್ಲೂ ಹಿಂದೆ ಇದ್ದದ್ದು ಒಂದು ಮಿಠಾಯಿ ಫ್ಯಾಕ್ಟರಿಯೇ. ಅದನ್ನು ಕೆಡವಿ 1976ರಿಂದ ಅಗೆದಾಗ ಸಾವಿರ ವರ್ಷದ ಹಿಂದಿನ ಮನೆಗಳು, ಚರ್ಮದ ಚಪ್ಪಲಿಗಳು ಸಿಕ್ಕವು. ಒದ್ದೆ ಮಣ್ಣು ಅವನ್ನು ಕೊಳೆಯಲು ಬಿಟ್ಟಿರಲಿಲ್ಲ.

ರೈಲ್ವೆ ಮ್ಯೂಸಿಯಂ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ, ಅರ್ಧ ದಿನ ಕೊಡಿ. ಈ ಊರಲ್ಲೇ ರೈಲು ಬೋಗಿ ಕಟ್ಟುವ ಕಾರ್ಖಾನೆಯೂ ಇತ್ತು, 1996ರಲ್ಲಿ ನಿಂತಿತು. ಅಲ್ಲಿ ದುಡಿದವರು ಇನ್ನೂ ಊರಲ್ಲಿದ್ದಾರೆ. ಬಸ್ ಸ್ಟಾಪಿನಲ್ಲಿ, ಪಾರ್ಕಿನ ಬೆಂಚಿನಲ್ಲಿ ವಯಸ್ಸಾದವರು ಕೂತಿದ್ದರೆ ಸಂಕೋಚಪಡದೆ ಮಾತಾಡಿಸಿ. ಗುರುತಿಲ್ಲದವರನ್ನೂ ಅವರು 'ಲವ್' ಎಂದೇ ಕರೆಯುತ್ತಾರೆ, ನಾವು 'ಅಮ್ಮಾ', 'ಅಣ್ಣಾ' ಅನ್ನುವ ಹಾಗೆ.

ಹೊರಡುವ ಹಿಂದಿನ ಸಂಜೆ ಮಗಳೂ ನಾನೂ ಹ್ಯಾಕ್ಸ್‌ಬಿ ರೋಡಿನಲ್ಲಿ ನಡೆಯುತ್ತಿದ್ದೆವು. ಗಾಳಿ ತಿರುಗಿತು. "ಅಮ್ಮಾ, ವಾಸನೆ ಬಂತಾ?" ಅಂದಳು. ಬಂದಿತ್ತು, ಹುರಿದ ಕೋಕೋದ ಬೆಚ್ಚನೆಯ ವಾಸನೆ. ಅಜ್ಜಿಗೆ ಹೇಳೋಣವೆಂದು ಬೇಗ ಬೇಗ ಮನೆ ಕಡೆ ಹೆಜ್ಜೆ ಹಾಕಿದೆವು.