ಹತ್ತನೇ ನಂಬರಿನ ಜೆರ್ಸಿ

ಇವತ್ತು ಮೆಟ್ರೋದಲ್ಲಿ ಒಬ್ಬ ಹುಡುಗ ಬಾರ್ಸಿಲೋನಾ ಫುಟ್‌ಬಾಲ್ ತಂಡದ ಜೆರ್ಸಿ ಹಾಕಿಕೊಂಡು ನಿಂತಿದ್ದ. ಬೆನ್ನ ಮೇಲೆ 10.

ಹೆಸರು ಮೆಸ್ಸಿಯದಲ್ಲ. ಈಗಿನ ಆಟಗಾರ ಯಮಾಲ್‌ನದೂ ಅಲ್ಲ. ಮೆಸ್ಸಿಯ ನಂತರ 10 ತೊಟ್ಟ ಆನ್ಸು ಫಾತಿಯದು. ಅಕ್ಷರಗಳು ಅಲ್ಲಲ್ಲಿ ಕಿತ್ತು ಬಂದಿದ್ದವು.

ಹೊಟ್ಟೆಯಲ್ಲಿ ಏನೋ ಸಂಕಟ ಆಯಿತು ನೋಡಿ.

2020ರ ನವೆಂಬರ್‌ನಲ್ಲಿ ಬೆಟಿಸ್ ಕ್ಲಬ್ ಜೊತೆಗಿನ ಪಂದ್ಯ. ಫಾತಿಯ ಎಡ ಮಂಡಿ ಹೋಯಿತು. ಹದಿನೆಂಟು ತುಂಬಿ ಆಗ ಒಂದು ವಾರ ಅಷ್ಟೇ. ಆಪರೇಷನ್ ಆಯಿತು, ತಿಂಗಳುಗಟ್ಟಲೆ ಆಟವಿಲ್ಲ. ಅವನು ಮೈದಾನಕ್ಕೆ ವಾಪಸ್ ಬರುವ ಮೊದಲೇ ಮೆಸ್ಸಿ ಬಿಟ್ಟುಹೋದ 10 ಅವನ ಬೆನ್ನಿಗೆ ಬಂತು. ಅಷ್ಟು ಭಾರ ಆ ವಯಸ್ಸಿಗೆ ಬೇಕಿತ್ತಾ?

ಅವನೊಬ್ಬನೇ ಅಲ್ವಲ್ಲ. ಇದೇ ತಂಡದ ಹುಡುಗ ಪೆದ್ರಿಯನ್ನು ಒಂದೇ ಸೀಸನ್‌ನಲ್ಲಿ ಎಪ್ಪತ್ತಕ್ಕೂ ಜಾಸ್ತಿ ಪಂದ್ಯ ಆಡಿಸಿದರು. ಯೂರೋ (ಯುರೋಪಿನ ದೇಶಗಳ ಕಪ್) ಮುಗಿಸಿ ನೇರ ಒಲಿಂಪಿಕ್ಸ್‌ಗೆ! 2023ರಲ್ಲಿ ಇನ್ನೊಬ್ಬ ಹುಡುಗ ಗಾವಿಯ ಮಂಡಿ ಹೋಯಿತು. 2024ರ ಆಗಸ್ಟ್‌ನಲ್ಲಿ ಮಾರ್ಕ್ ಬರ್ನಾಲ್, ಹದಿನೇಳರ ಹುಡುಗ, ಸೀನಿಯರ್ ತಂಡಕ್ಕೆ ಬರೀ ಮೂರನೇ ಪಂದ್ಯ, ಅದರಲ್ಲೇ ಗಾಯ. ಅವನು ಬಿದ್ದ ಜಾಗಕ್ಕೆ ತಂಡದ ಇನ್ನೊಬ್ಬ ಹುಡುಗ ಕಸಾಡೊ ಬಂದ, ಚೆನ್ನಾಗೇ ಆಡಿದ. ಖುಷಿಪಟ್ಟೆ. ಆದರೆ ಬರ್ನಾಲ್ ನೆನಪಾದಾಗಲೆಲ್ಲ ಆ ಖುಷಿ ಅರ್ಧ.

ಈಗ 10 ಯಮಾಲ್‌ನದು. 2024ರ ಯೂರೋ ಫೈನಲ್ ಆಡುವಾಗ ಅವನಿಗೆ ಹದಿನೇಳು ತುಂಬಿ ಒಂದು ದಿನ.

ಮೊದಲೆಲ್ಲ ಪಂದ್ಯದ ನಡುವೆ ಅವನನ್ನು ಹೊರಗೆ ಕರೆಸಿದರೆ ಸಿಟ್ಟು ಬರುತ್ತಿತ್ತು. ಈಗ ಸಮಾಧಾನ. ಕೂರಲಿ ಬಿಡಿ. ಒಂದೆರಡು ಪಂದ್ಯ ಸೋತರೂ ಪರವಾಗಿಲ್ಲ, ಈ ಹುಡುಗ ಮೂವತ್ತರಲ್ಲೂ ಹೀಗೇ ಓಡುವುದನ್ನು ನಾನು ನೋಡಬೇಕು.