ನಲವತ್ತೊಂದು ದಿನದ ಕೆಂಪು ಚುಕ್ಕೆ

ನನ್ನ ಫೋನಿನ ಸೆಟ್ಟಿಂಗ್ಸ್ ಮೇಲೆ ಒಂದು ಕೆಂಪು ಚುಕ್ಕೆ ಕೂತಿದೆ. ಇವತ್ತಿಗೆ ನಲವತ್ತೊಂದು ದಿನ. ದಿನಾ ರಾತ್ರಿ ಫೋನ್ ಕೇಳುತ್ತದೆ: ಹೊಸ ಅಪ್‌ಡೇಟ್ ಬಂದಿದೆ, ಈಗ ಹಾಕಲಾ, ನೀವು ಮಲಗಿದ ಮೇಲೆ ಹಾಕಲಾ? ನಾನು ‘ಆಮೇಲೆ’ ಒತ್ತಿ ಮಲಗುತ್ತೇನೆ. ‘ಬೇಡ’ ಅನ್ನುವ ಗುಂಡಿಯೇ ಅಲ್ಲಿಲ್ಲ, ಗಮನಿಸಿದ್ದೀರಾ? ನಮ್ಮ ಮಲೆನಾಡಿನ ಅತ್ತೆಯಂದಿರು ಊಟಕ್ಕೆ ಬಲವಂತ ಮಾಡುವುದೂ ಹೀಗೇ. ಈಗ ಬಡಿಸಲಾ, ಸ್ವಲ್ಪ ಹೊತ್ತು ಬಿಟ್ಟು ಬಡಿಸಲಾ ಅಂತ ಕೇಳುತ್ತಾರೆಯೇ ಹೊರತು ಬೇಡ ಅನ್ನೋಕೆ ದಾರಿ ಬಿಡುವುದಿಲ್ಲ.

ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅನ್ನುವುದು ಬೋರ್ಡಿನ ಮೇಲೆ ಮಾತ್ರ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಪಾಸ್‌ಪೋರ್ಟ್ ಸೈಜಿನ ಫೋಟೋ, ಹಾಲ್ ಟಿಕೆಟ್ ಪ್ರಿಂಟು, ಎಲ್ಲಾ ಇದೆ. ಇದರ ಮೇಲೆ ಯಾರೂ ನೇಮಕ ಮಾಡದ, ಯಾರೂ ದುಡ್ಡು ಕೊಡದ ಇನ್ನೊಂದು ಕೆಲಸ: ಫೋನ್ ಡಾಕ್ಟರು. ತುಮರಿ ಕಡೆಯಿಂದ ಬಂದವರು ಜೆರಾಕ್ಸ್ ಮುಗಿಸಿ, ಚಿಲ್ಲರೆ ಎಣಿಸಿ, ಹೊರಡುವ ಹೊತ್ತಿಗೆ ಮೆಲ್ಲಗೆ ಫೋನ್ ಮುಂದೆ ಇಡುತ್ತಾರೆ. “ಇದೇನೋ ಕೇಳ್ತಾ ಇದೆ ನೋಡಿ, ಒತ್ತಲಾ, ಬೇಡ್ವಾ?”

ಅವರಿಗೆ ಏನೋ ಒಂದು ಹೇಳಿ ಕಳಿಸುತ್ತೇನೆ. ನನ್ನ ಚುಕ್ಕೆ ಮಾತ್ರ ಹಾಗೇ ಇರುತ್ತದೆ.

ಕಾರಣ ಇದೆ. 2021ರ ಜುಲೈ, ಜೋರು ಮಳೆ. ಹದಿನಾಲ್ಕು ಸಾವಿರ ಕೊಟ್ಟು ತಂದ ಫೋನಿಗೆ ಹದಿನಾಲ್ಕು ತಿಂಗಳಾಗಿತ್ತು. ಅಂದರೆ ವಾರಂಟಿ ಮುಗಿದು ಸರಿಯಾಗಿ ಎರಡು ತಿಂಗಳು. ರಾತ್ರಿ ಅಪ್‌ಡೇಟ್ ಒತ್ತಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಮೇಲೆ ಕಂಪನಿಯ ಹೆಸರು ಬರುತ್ತದೆ, ಹೋಗುತ್ತದೆ. ಮತ್ತೆ ಬರುತ್ತದೆ, ಹೋಗುತ್ತದೆ. ಕಾಫಿ ಕುಡಿದು ಬಂದೆ, ಸ್ನಾನ ಮುಗಿಸಿ ಬಂದೆ, ಅದು ಬಂದು ಹೋಗುತ್ತಲೇ ಇತ್ತು. ಶಿವಮೊಗ್ಗದ ಸರ್ವಿಸ್ ಸೆಂಟರಿನ ಹುಡುಗ ಹತ್ತು ನಿಮಿಷ ನೋಡಿ “ಮದರ್‌ಬೋರ್ಡ್ ಹೋಗಿದೆ, ಒಂಬತ್ತು ಸಾವಿರ ಆಗುತ್ತೆ” ಅಂದ. ಅಪ್‌ಡೇಟ್ ಹಾಕಿದ್ದಕ್ಕೆ ಹೀಗಾಯ್ತಾ ಅಂತ ಕೇಳಿದೆ. “ಹಾಗೇನಿಲ್ಲ ಸಾರ್, ಅದು ಹೋಗೋದಿತ್ತು, ಹೋಯ್ತು” ಅಂದ. ಜಾತಕ ನೋಡಿ ಹೇಳಿದ ಹಾಗಿತ್ತು.

ಇರಬಹುದು. ಬೋರ್ಡು ಮೊದಲೇ ಸುಸ್ತಾಗಿದ್ದಿರಬಹುದು. ಆದರೆ ರಾತ್ರಿ ಹತ್ತಕ್ಕೆ ಚೆನ್ನಾಗಿದ್ದದ್ದು ಬೆಳಿಗ್ಗೆ ಆರಕ್ಕೆ ಸತ್ತಿದ್ದರೆ, ನಡುವೆ ಏನಾಯ್ತು ಅಂತ ಯಾರಾದರೂ ಕೇಳುತ್ತಾರೆ ಅಲ್ವಾ?

ಅಂಗಡಿಯಲ್ಲಿ ಸೌಂಡ್‌ಬಾಕ್ಸ್ ಮಾತ್ರ ಕೂಗುತ್ತಲೇ ಇತ್ತು. ಅದಕ್ಕೆ ಅದರದೇ ಸಿಮ್ ಇರುತ್ತದಲ್ಲ. ಹತ್ತು ರೂಪಾಯಿ ಬಂತು, ಇಪ್ಪತ್ತು ರೂಪಾಯಿ ಬಂತು ಅಂತ ಅದು ಹೇಳುವುದು, ಆ ದುಡ್ಡನ್ನು ಮುಟ್ಟಲಾಗದೆ ನಾನು ಕೂರುವುದು. ಪೇಪರ್ ರಿಮ್ಮು ತಂದುಕೊಟ್ಟವನಿಗೆ ದುಡ್ಡು ಕೊಡಲು ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತೆ. ಎಷ್ಟೋ ವರ್ಷದ ಮೇಲೆ ವಿತ್‌ಡ್ರಾವಲ್ ಸ್ಲಿಪ್ ಬರೆದೆ. ಸಹಿ ಹೊಂದುತ್ತಿಲ್ಲ ಅಂದರು.

ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಉದ್ರಿ ಲೆಕ್ಕ. ಇಪ್ಪತ್ಮೂರು ಜನರ ಬಾಕಿ ಆ ಫೋನಿನ ನೋಟ್ಸಿನಲ್ಲಿತ್ತು. ಬ್ಯಾಕಪ್ ಅನ್ನುವುದು ಆಗ ನಾನು ಬೇರೆಯವರಿಗೆ ಹೇಳುವ ಬುದ್ಧಿಮಾತಾಗಿತ್ತು ಅಷ್ಟೇ. ವಿಷಯ ಬಸ್ ಸ್ಟ್ಯಾಂಡಿನಲ್ಲೆಲ್ಲ ಹಬ್ಬಿತು. ತರಕಾರಿ ಮಾರುವ ಹೆಂಗಸು ನಾನು ಮರೆತೇಬಿಟ್ಟಿದ್ದ 140 ರೂಪಾಯಿ ತಂದು ಕೊಟ್ಟಳು. ಆಟೋದವರು ಒಬ್ಬೊಬ್ಬರಾಗಿ ಬಂದು ತಮ್ಮ ಬಾಕಿ ತಾವೇ ಹೇಳಿದರು. ಒಬ್ಬರು ಮೇಷ್ಟ್ರು ಮಾತ್ರ ಇವತ್ತಿಗೂ ಆ ಮಾತು ಎತ್ತಿಲ್ಲ.

ಬುದ್ಧಿವಂತರು ಬರೆಯುವ ಲೇಖನಗಳಲ್ಲಿ ನಮ್ಮಂಥವರನ್ನು ಸೋಮಾರಿಗಳು, ತಿಳಿವಳಿಕೆ ಇಲ್ಲದವರು ಅಂತ ಬರೆದಿರುತ್ತಾರೆ. ನನ್ನ ಕೌಂಟರಿನ ಈಚೆ ಕೂತು ನೋಡಿದರೆ ಹಾಗೆ ಕಾಣುವುದಿಲ್ಲ. ದಿನಕ್ಕೆ ಒಂದೂವರೆ ಜಿಬಿ ಡೇಟಾ ಸಿಗುವ ಪ್ಯಾಕ್ ಹಾಕಿಸಿದವರಿಗೆ ಎರಡೂವರೆ ಜಿಬಿಯ ಅಪ್‌ಡೇಟ್ ಬಂದರೆ ಏನು ಮಾಡಬೇಕು? ಫೋನಿನಲ್ಲಿ ಇರುವ 32 ಜಿಬಿ ಜಾಗದಲ್ಲಿ ಮೂರು ವರ್ಷದ ಶುಭೋದಯ ತುಂಬಿದ್ದರೆ? ನಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆ ತಿಂಗಳ ಕೊನೆಯಲ್ಲಿ ಫೋನಿನ ಒಂದು ಗುಂಡಿಯನ್ನೂ ಸುಮ್ಮನೆ ಒತ್ತುವುದಿಲ್ಲ. ಮಕ್ಕಳ ತೂಕ, ಹಾಜರಿ ಎಲ್ಲಾ ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆ್ಯಪಿಗೆ ಹೋಗಬೇಕು. ಅಪ್‌ಡೇಟ್ ಆದಮೇಲೆ ಆ ಆ್ಯಪ್ ತೆರೆಯದಿದ್ದರೆ ಮೇಲಿನವರಿಗೆ ಏನು ಹೇಳುವುದು ಅನ್ನುವುದು ಅವರ ಚಿಂತೆ. ಇದು ಸೋಮಾರಿತನ ಅಲ್ಲ, ಲೆಕ್ಕಾಚಾರ. ಮನೆಯಲ್ಲಿ ಎರಡು ಫೋನ್ ಇರುವವರ ಲೆಕ್ಕ ಬೇರೆ, ಒಂದೇ ಇರುವವರ ಲೆಕ್ಕ ಬೇರೆ.

ಇನ್ನು ಆ ಪದ. ‘ಅಪ್‌ಡೇಟ್’ ಅನ್ನುವ ಪದ ನಮ್ಮೂರುಗಳಿಗೆ ಯಾರ ಬಾಯಿಂದ ಬಂತು ಯೋಚನೆ ಮಾಡಿ. ಕೆವೈಸಿ ಅಪ್‌ಡೇಟ್ ಮಾಡಿ, ಇಲ್ಲಾಂದ್ರೆ ಇವತ್ತು ರಾತ್ರಿ ಖಾತೆ ಬಂದ್. ಪಾನ್ ಅಪ್‌ಡೇಟ್ ಮಾಡಿ, ಲಿಂಕ್ ಕಳಿಸಿದ್ದೀನಿ. ಕರೆಂಟ್ ಬಿಲ್ ಅಪ್‌ಡೇಟ್ ಆಗಿಲ್ಲ, ಈ ನಂಬರಿಗೆ ಫೋನ್ ಮಾಡಿ. ಹೀಗೆ ಹೇಳಿದವರೆಲ್ಲ ಕಳ್ಳರು. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಅಂತ ಬರುವ ಫೈಲು, ಟ್ರಾಫಿಕ್ ದಂಡದ ಚಲನ್ ಅಂತ ಬರುವ ಫೈಲು, ಒತ್ತಿದರೆ ಫೋನೊಳಗೆ ಕೂತು ಒಟಿಪಿ ಕದಿಯುವ ಆ್ಯಪು. ಪೊಲೀಸರು, ಬ್ಯಾಂಕಿನವರು, ಪೇಪರಿನವರು ಎಲ್ಲಾ ಸೇರಿ ಜನರಿಗೆ ಒಂದೇ ಪಾಠ ಹೇಳಿದರು: ಗೊತ್ತಿಲ್ಲದ್ದನ್ನು ಒತ್ತಬೇಡಿ, ಅವಸರ ಮಾಡುವವರನ್ನು ನಂಬಬೇಡಿ. ಜನ ಪಾಠ ಕಲಿತರು. ಈಗ ಫೋನು ತಾನೇ ಅವಸರ ಮಾಡುತ್ತದೆ, ‘ಈಗಲೇ ಹಾಕಿ, ನಿಮ್ಮ ಸುರಕ್ಷತೆಗಾಗಿ’ ಅಂತ. ಕಳ್ಳನೂ ಅದನ್ನೇ ಹೇಳಿದ್ದ.

ಕಳೆದ ವಾರ ಅಡಿಕೆ ತೋಟದ ಹಿರಿಯರೊಬ್ಬರು ಫೋನ್ ತೋರಿಸಿ “ಇದು ನಿಜವಾದ ಅಪ್‌ಡೇಟಾ, ಕಳ್ಳ ಅಪ್‌ಡೇಟಾ?” ಅಂತ ಕೇಳಿದರು. ಎಂಥ ಒಳ್ಳೆ ಪ್ರಶ್ನೆ ನೋಡಿ. ಸೆಟ್ಟಿಂಗ್ಸ್ ಒಳಗಿಂದ ಬಂದದ್ದು ನಿಜ, ಮೆಸೇಜಿನಲ್ಲಿ ಲಿಂಕಾಗಿ ಬಂದದ್ದು ಸುಳ್ಳು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಚೀಟಿಯನ್ನು ಫೋನ್ ಕವರಿನ ಹಿಂದೆ ಸಿಕ್ಕಿಸಿಕೊಂಡು ಹೋದರು.

“ಕಂಪನಿಯವರು ಬೇಕಂತಲೇ ಹಳೇ ಫೋನ್ ನಿಧಾನ ಮಾಡ್ತಾರೆ, ಹೊಸದು ತಗೊಳ್ಳಲಿ ಅಂತ.” ಇದು ನಾನು ಅತಿ ಹೆಚ್ಚು ಕೇಳುವ ಮಾತು. ಮೊದಲು ನಗುತ್ತಿದ್ದೆ. 2017ರ ಡಿಸೆಂಬರ್ ಆದಮೇಲೆ ನಗುವುದು ಬಿಟ್ಟೆ. ಆ ವರ್ಷದ ಜನವರಿಯಲ್ಲಿ ಬಂದ ಐಒಎಸ್ (ಐಫೋನ್ ನಡೆಸುವ ಸಾಫ್ಟ್‌ವೇರ್) 10.2.1 ಅಪ್‌ಡೇಟು ಐಫೋನ್ 6, 6ಎಸ್, ಎಸ್‌ಇ ಫೋನುಗಳಲ್ಲಿ ಬ್ಯಾಟರಿ ಹಳೆಯದಾಗಿದ್ದರೆ ವೇಗ ತಗ್ಗಿಸುತ್ತಿತ್ತು ಅಂತ ಆಪಲ್ ಒಪ್ಪಿಕೊಂಡಿತು. ಅವರು ಕೊಟ್ಟ ಕಾರಣ ಸುಳ್ಳೇನಲ್ಲ. ಲಿಥಿಯಂ ಬ್ಯಾಟರಿಗೆ ವಯಸ್ಸಾದರೆ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲು ಅದಕ್ಕೆ ಆಗುವುದಿಲ್ಲ. ಪ್ರೊಸೆಸರ್ ಜೋರಾಗಿ ಎಳೆದರೆ, ಚಾರ್ಜ್ ಇನ್ನೂ ಉಳಿದಿದ್ದರೂ ಫೋನ್ ದಿಢೀರ್ ಅಂತ ಆಫ್ ಆಗಿಬಿಡುತ್ತದೆ. ಅದನ್ನು ತಪ್ಪಿಸಲು ವೇಗಕ್ಕೆ ಲಗಾಮು. ಸರಿ, ಒಪ್ಪೋಣ. ಆದರೆ ಹೇಳಬೇಕಿತ್ತಲ್ಲ? ಫ್ರಾನ್ಸಿನಲ್ಲಿ 2020ರಲ್ಲಿ ಎರಡೂವರೆ ಕೋಟಿ ಯೂರೋ ದಂಡ ಬಿದ್ದದ್ದು ಅದಕ್ಕೇ: ಬಳಸುವವರಿಗೆ ಹೇಳದೆ ಮಾಡಿದ್ದಕ್ಕೆ. ಅಮೆರಿಕದಲ್ಲಿ ಬ್ಯಾಟರಿ ಬದಲಿಸುವ ಬೆಲೆಯನ್ನು 79 ಡಾಲರಿನಿಂದ 29ಕ್ಕೆ ಇಳಿಸಿದರು. ಅಂದರೆ ಹೊಸ ಫೋನ್ ಬೇಕಾಗಿರಲಿಲ್ಲ, ಬ್ಯಾಟರಿ ಬದಲಿಸಿದ್ದರೆ ಸಾಕಿತ್ತು. ಅದು ಗೊತ್ತಾಗದೆ ಎಷ್ಟು ಜನ ಹೊಸ ಫೋನ್ ಕೊಂಡರೋ. 2018ರಲ್ಲಿ ಇಟಲಿಯವರು ಆಪಲ್ ಜೊತೆ ಸ್ಯಾಮ್ಸಂಗಿಗೂ ದಂಡ ಹಾಕಿದ್ದರು. ಗೆಲಾಕ್ಸಿ ನೋಟ್ 4ಕ್ಕೆ ಅದರ ತಾಕತ್ತಿಗೆ ಮೀರಿದ ಅಪ್‌ಡೇಟ್ ಹಾಕಿಸಿದ್ದಕ್ಕೆ.

ಇಷ್ಟೆಲ್ಲ ದೂರದ್ದು ಯಾಕೆ, ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಕೇಂದ್ರದಲ್ಲಿ ಗ್ರಾಹಕ ವ್ಯವಹಾರಗಳ ಮಂತ್ರಿ. 2025ರ ಜನವರಿಯಲ್ಲಿ, ಐಒಎಸ್ 18 ಹಾಕಿದ ಮೇಲೆ ಫೋನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಗ್ರಾಹಕ ಸಹಾಯವಾಣಿಗೆ ದೂರುಗಳು ಬಂದಿವೆ, ಆಪಲ್‌ಗೆ ನೋಟಿಸ್ ಕೊಟ್ಟಿದ್ದೇವೆ ಅಂತ ಅವರೇ ಹೇಳಿದರು. ಸಹಾಯವಾಣಿ ನಂಬರ್ 1915, ಬರೆದಿಟ್ಟುಕೊಳ್ಳಿ. ನಾನು ಅಂಗಡಿ ಗೋಡೆಗೆ ಅಂಟಿಸಿದ್ದೇನೆ.

ಆದರೂ ಎಲ್ಲ ಅಪವಾದವೂ ನಿಜ ಅಲ್ಲ. ಅಪ್‌ಡೇಟ್ ಆದ ಮಾರನೇ ದಿನವೇ “ಬ್ಯಾಟರಿ ನಿಲ್ತಾ ಇಲ್ಲ, ಬಿಸಿ ಆಗ್ತಿದೆ” ಅಂತ ಓಡಿ ಬರುತ್ತಾರೆ. ಮನೆ ಬದಲಿಸಿದ ಮೊದಲ ದಿನ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಿರುತ್ತದಾ? ಫೋನೂ ಹಾಗೇ. ಆ್ಯಪುಗಳನ್ನೆಲ್ಲ ಹೊಸ ವ್ಯವಸ್ಥೆಗೆ ಹೊಂದಿಸಬೇಕು, ಫೋಟೋ ಫೈಲುಗಳ ಪಟ್ಟಿ ಮತ್ತೆ ಮಾಡಬೇಕು. ಒಳಗೊಳಗೇ ಎರಡು ಮೂರು ದಿನ ದುಡಿಯುತ್ತಿರುತ್ತದೆ. “ಭಾನುವಾರ ಬನ್ನಿ” ಅನ್ನುತ್ತೇನೆ. ಭಾನುವಾರ ನನ್ನ ಅಂಗಡಿ ಇರುವುದಿಲ್ಲ. ಸೋಮವಾರದ ಹೊತ್ತಿಗೆ ಸರಿಹೋಗಿರುತ್ತದೆ.

ಅಮ್ಮನ ಸಮಸ್ಯೆ ಮಾತ್ರ ಸೋಮವಾರಕ್ಕೆ ಸರಿಹೋಗಲಿಲ್ಲ. ಅಮ್ಮನಿಗೆ ಎಪ್ಪತ್ತೊಂದು. ಅವಳು ಫೋನನ್ನು ಓದುವುದಿಲ್ಲ, ಜಾಗ ನೆನಪಿಟ್ಟುಕೊಂಡಿದ್ದಾಳೆ. ಕರೆ ಬಂದರೆ ಕೆಳಗಿನಿಂದ ಮೇಲಕ್ಕೆ ತಳ್ಳಬೇಕು, ಅಷ್ಟೇ ಅವಳ ವಿದ್ಯೆ. 2025ರ ಆಗಸ್ಟಿನಲ್ಲಿ ಬಹಳ ಜನರ ಫೋನಿನಲ್ಲಿ ಕರೆ ಬರುವ ಪರದೆ ರಾತ್ರೋರಾತ್ರಿ ಬದಲಾಯಿತಲ್ಲ, ಅದರಲ್ಲಿ ಅಮ್ಮನದೂ ಒಂದು. ಅದು ಫೋನಿನ ದೊಡ್ಡ ಅಪ್‌ಡೇಟೂ ಅಲ್ಲ, ಕರೆ ಮಾಡುವ ಆ್ಯಪಿನದು, ಯಾರನ್ನೂ ಕೇಳದೆ ಬಂದದ್ದು. ಪಾಪ, ಅಮ್ಮ ಹಳೇ ಅಭ್ಯಾಸದಂತೆ ಮೇಲಕ್ಕೆ ತಳ್ಳುತ್ತಲೇ ಇದ್ದಳು. ಅಕ್ಕ ಹುಬ್ಬಳ್ಳಿಯಿಂದ ಎರಡು ದಿನ ಫೋನ್ ಮಾಡಿ, ಎತ್ತಲಿಲ್ಲ ಅಂತ ಗಾಬರಿಯಾಗಿ ಪಕ್ಕದ ಮನೆಗೆ ಫೋನ್ ಮಾಡಿದ್ದಳು. ಆ ಆ್ಯಪಿನ ಅಪ್‌ಡೇಟ್ ತೆಗೆದುಹಾಕಿ ಹಳೆಯದನ್ನು ತಂದುಕೊಟ್ಟೆ. ಆ ವಾರ ಅಂಗಡಿಯಲ್ಲಿ ಅದೇ ಕೆಲಸ. ಅಲ್ಲಿಂದ ಮುಂದೆ ಅಮ್ಮ ಏನು ಬಂದರೂ ಒತ್ತುವುದಿಲ್ಲ. ಯಾವ ಬಾಯಲ್ಲಿ ಒತ್ತು ಅಂತ ಹೇಳಲಿ?

ತಮಾಷೆ ಏನೆಂದರೆ, ಒಂದು ಕಾಲಕ್ಕೆ ಅಪ್‌ಡೇಟ್ ಬರಲಿ ಅಂತ ಕಾದು ಕೂತವನು ನಾನು. ನನ್ನ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಕಾಣುತ್ತಿರಲಿಲ್ಲ. ಸಾಲು ಸಾಲು ಚೌಕ ಡಬ್ಬಿ. ಕನ್ನಡ ಪೇಪರಿನ ಪುಟ ತೆರೆದರೆ ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಸೇರಿವೆ ಅಂತ ಓದಿ ದಿನಾ ಸೆಟ್ಟಿಂಗ್ಸಿಗೆ ಹೋಗಿ ನೋಡುತ್ತಿದ್ದೆ. ನನ್ನ ಫೋನಿಗೆ ಅದು ಕೊನೆಗೂ ಬರಲಿಲ್ಲ. ಬೇಕಾದಾಗ ಬರಲಿಲ್ಲ, ಈಗ ಬೇಡ ಅಂದರೂ ದಿನಾ ರಾತ್ರಿ ಬಾಗಿಲು ತಟ್ಟುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಎರಡು ವಿಷಯಕ್ಕೆ. ಒಂದು, ಹಿಂದಕ್ಕೆ ಬರಲು ದಾರಿ ಇಲ್ಲದ್ದು. ಆ್ಯಪಿನದಲ್ಲ, ಫೋನಿನ ದೊಡ್ಡ ಅಪ್‌ಡೇಟ್ ಒಮ್ಮೆ ಹಾಕಿದರೆ ನಮ್ಮಂಥ ಸಾಮಾನ್ಯರಿಗೆ ಹಳೆಯದಕ್ಕೆ ಮರಳಲು ಆಗುವುದಿಲ್ಲ. ಹಳೆಯದರಲ್ಲಿ ಇದ್ದ ತೂತನ್ನು ಕಳ್ಳರು ಮತ್ತೆ ಬಳಸಬಾರದು ಅಂತ ಆ ಬಾಗಿಲು ಮುಚ್ಚುತ್ತಾರೆ. ಅರ್ಥ ಆಗುತ್ತದೆ, ಆದರೂ ಒಂದು ಸೀರೆಯನ್ನೂ ಮೂರು ದಿನದೊಳಗೆ ವಾಪಸ್ ಕೊಡಬಹುದು. ಎರಡು, ಔಷಧ ಮತ್ತು ಅಲಂಕಾರ ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟುವುದು. ನನಗೆ ಬೇಕಾದದ್ದು ಕಳ್ಳರು ನುಗ್ಗುವ ತೂತು ಮುಚ್ಚುವ ಪ್ಯಾಚು. ಅದರ ಬೆಲೆ ನನಗೆ ಗೊತ್ತು. 2015ರಲ್ಲಿ ಸ್ಟೇಜ್‌ಫ್ರೈಟ್ ಅಂತ ಒಂದು ದೋಷ ಸಿಕ್ಕಿತ್ತು, ಒಂದು ಎಂಎಂಎಸ್ ಕಳಿಸಿಯೇ ಆಂಡ್ರಾಯ್ಡ್ ಫೋನಿನೊಳಗೆ ನುಗ್ಗಬಹುದಿತ್ತು. ಗೂಗಲ್ ತಿಂಗಳಿಗೊಂದು ಸೆಕ್ಯುರಿಟಿ ಪ್ಯಾಚ್ ಕೊಡಲು ಶುರು ಮಾಡಿದ್ದು ಆ ಗಲಾಟೆಯ ನಂತರ. ಅಂಥ ಚಿಕ್ಕ ಪ್ಯಾಚು ಬಂದರೆ ನಾನೂ ಅವತ್ತೇ ಹಾಕುತ್ತೇನೆ, ಕೇಳಿದವರಿಗೂ ಹಾಕಿಕೊಡುತ್ತೇನೆ. ಆದರೆ ಅದರ ಜೊತೆಗೆ ಹೊಸ ಐಕಾನು, ಹೊಸ ಬಣ್ಣ, ತೆಗೆಯಲಾಗದ ನಾಲ್ಕು ಹೊಸ ಆ್ಯಪು ಸೇರಿಸಿ ಕಳಿಸಿದರೆ? ವಿವರದಲ್ಲಿ ನೋಡಿದರೆ ‘ದೋಷಗಳನ್ನು ಸರಿಪಡಿಸಲಾಗಿದೆ’ ಅಂತ ಒಂದು ಸಾಲು. ಯಾವ ದೋಷ ಸ್ವಾಮಿ?

ಕಾಯುವುದು ಹೆದರಿಕೆ ಅನ್ನುವವರಿಗೆ ಇನ್ನೊಂದು ಮಾತು. ಕಂಪನಿಗಳೂ ಕಾಯುತ್ತವೆ. ದೊಡ್ಡ ಅಪ್‌ಡೇಟನ್ನು ಎಷ್ಟೋ ಕಂಪನಿಗಳು ಎಲ್ಲರಿಗೂ ಒಂದೇ ದಿನ ಬಿಡುವುದಿಲ್ಲ. ಮೊದಲು ಸ್ವಲ್ಪ ಜನಕ್ಕೆ ಕೊಟ್ಟು, ಏನೂ ಆಗಲಿಲ್ಲ ಅಂದರೆ ಉಳಿದವರಿಗೆ. ಎಲ್ಲರಿಗೂ ಒಟ್ಟಿಗೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 2014ರ ಸೆಪ್ಟೆಂಬರ್ 24 ಇದೆ. ಐಒಎಸ್ 8.0.1 ಹಾಕಿದ ಐಫೋನ್ 6ಗಳಲ್ಲಿ ನೆಟ್‌ವರ್ಕೇ ಹೋಯಿತು, ಬೆರಳಚ್ಚೂ ಕೆಲಸ ಮಾಡಲಿಲ್ಲ. ಸುಮಾರು ಒಂದು ಗಂಟೆಯಲ್ಲಿ ಅದನ್ನು ವಾಪಸ್ ತೆಗೆದುಕೊಂಡು, ಮಾರನೇ ದಿನ 8.0.2 ಕೊಟ್ಟರು. ಆ ಒಂದು ಗಂಟೆಯಲ್ಲಿ ಒತ್ತಿದವರು ಚುರುಕಿನವರು, ಒತ್ತದವರು ಸೋಮಾರಿಗಳು! 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಒಂದು ಒಳ್ಳೆ ವ್ಯವಸ್ಥೆ ಶುರುವಾಯಿತು. ಹೊಸದನ್ನು ಪಕ್ಕದ ಕೋಣೆಯಲ್ಲಿ ಇಳಿಸಿ, ಅದು ಏಳದಿದ್ದರೆ ಹಳೇ ಕೋಣೆಗೆ ತಾನೇ ಮರಳುವ ಹಾಗೆ. ಆದರೆ ಎಲ್ಲ ಕಂಪನಿಗಳೂ ಅದನ್ನು ಆಗಲೇ ತರಲಿಲ್ಲ. ನನ್ನ ಸತ್ತ ಫೋನಿನಲ್ಲಿ ಇರಲಿಲ್ಲ. ಈಗಿನದರಲ್ಲಿ ಇದೆ ಅಂತ ನಮ್ಮ ರಿಪೇರಿ ಹುಡುಗ ಹೇಳಿದ್ದಾನೆ. ಅವನ ಮಾತಿನ ಮೇಲೆ ಅರ್ಧ ನಂಬಿಕೆ.

ಭಾನುವಾರ ಹಾಕೋಣ ಅಂತ ತೀರ್ಮಾನ ಮಾಡಿದ್ದೇನೆ. ಅಂಗಡಿ ರಜೆ, ಅಕ್ಕನ ಹಳೇ ಫೋನನ್ನೂ ತರಿಸಿಟ್ಟಿದ್ದೇನೆ. ಫೋಟೋಗಳೆಲ್ಲ ಪೆನ್‌ಡ್ರೈವಿಗೆ ಹೋಗಿವೆ. ಈಗ ಉದ್ರಿ ಲೆಕ್ಕವನ್ನು ಉದ್ದ ಪುಸ್ತಕಕ್ಕೆ ಇಳಿಸುತ್ತಾ ಕೂತಿದ್ದೇನೆ. ಹದಿನೇಳು ಹೆಸರು ಆಯಿತು, ಇನ್ನು ಒಂಬತ್ತು. ಮೇಷ್ಟ್ರ ಹೆಸರು ಮತ್ತೆ ಬಂದಿದೆ, ಈ ಸಲ 85 ರೂಪಾಯಿ. ಅದನ್ನು ಪೆನ್ನಿನಲ್ಲಿ ಎರಡು ಸಲ ತಿದ್ದಿ ದಪ್ಪ ಮಾಡಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು.