ಜಡಕ್ಕೊಂದು ಮದ್ದು, ಚಂಚಲಕ್ಕೆ ಇನ್ನೊಂದು

16 ಡಿಸೆಂಬರ್ 2025, ಮಂಗಳವಾರ

ಇಂದು ಧನುರ್ಮಾಸ ಶುರು. ಈ ತಿಂಗಳು ನಸುಕಿಗೇ ಮಿಂದು ಧ್ಯಾನಕ್ಕೆ ಕೂರುವವರು ಹೆಚ್ಚು, ಕೂತಲ್ಲೇ ತೂಕಡಿಸುವವರೂ ಹೆಚ್ಚು. ಎಷ್ಟೋ ಜನ ಆ ತೂಕಡಿಕೆಯನ್ನೇ ಶಾಂತಿ ಎಂದುಕೊಂಡು ವರ್ಷಗಟ್ಟಲೆ ಕಳೆಯುತ್ತಾರೆ. ನೋಡಿದರೆ ಸಂಕಟವಾಗುತ್ತದೆ, ಏಕೆಂದರೆ ಇದಕ್ಕೆ ಮದ್ದು ಬಹಳ ಹಿಂದೆಯೇ ಹೇಳಿದ್ದಾಗಿದೆ.

ಅದ್ವೈತದ ಹಿರಿಯ ಆಚಾರ್ಯ ಗೌಡಪಾದರ ಮಾಂಡೂಕ್ಯ ಕಾರಿಕೆ, ಮೂರನೆಯ ಪ್ರಕರಣ, 44ನೇ ಶ್ಲೋಕ:

ಲಯೇ ಸಂಬೋಧಯೇಚ್ಚಿತ್ತಂ ವಿಕ್ಷಿಪ್ತಂ ಶಮಯೇತ್ಪುನಃ |
ಸಕಷಾಯಂ ವಿಜಾನೀಯಾತ್ಸಮಪ್ರಾಪ್ತಂ ನ ಚಾಲಯೇತ್ ||

ಮನಸ್ಸು ಜಡವಾದರೆ ಎಚ್ಚರಿಸು, ಚೆದುರಿದರೆ ಶಮನಗೊಳಿಸು, ಒಳಗಿನ ಆಸೆಯ ಕಲೆಯಿಂದ ಸ್ತಬ್ಧವಾಗಿದ್ದರೆ ಅದನ್ನು ತಿಳಿದುಕೋ, ಸಮಸ್ಥಿತಿಗೆ ಬಂದಾಗ ಅಲುಗಿಸಬೇಡ. ಲಯಕ್ಕೂ (ಮನಸ್ಸಿನ ಜಡತೆ) ವಿಕ್ಷೇಪಕ್ಕೂ (ಮನಸ್ಸಿನ ಚೆದುರಾಟ) ಹೇಳಿರುವ ಮದ್ದು ಒಂದಕ್ಕೊಂದು ವಿರುದ್ಧ. ತೂಕಡಿಸುವವನಿಗೆ "ಇನ್ನಷ್ಟು ಸಡಿಲಬಿಡು" ಎಂದರೆ ನಿದ್ದೆಯೇ ಗಟ್ಟಿಯಾಗುತ್ತದೆ.

ಲಯ ಬರುವ ಮೊದಲ ಗುರುತು ಗದ್ದದಲ್ಲಿ: ಅದು ಮೆಲ್ಲಗೆ ಎದೆಯತ್ತ ಇಳಿಯುತ್ತದೆ. ಆಮೇಲೆ ಹೆಬ್ಬೆರಳಿಗೆ ತೋರುಬೆರಳು ತಾಗಿಸಿದ ಚಿನ್ಮುದ್ರೆ ಬಿಟ್ಟುಕೊಳ್ಳುತ್ತದೆ, ಜಪದ ಅಕ್ಷರ ಅರ್ಧಕ್ಕೇ ಕರಗುತ್ತದೆ, ಸಂಬಂಧವಿಲ್ಲದ ಚಿತ್ರಗಳು ಕನಸಿನಂತೆ ಹಾಯುತ್ತವೆ. ಕಾರಣ ಹಲವು ಸಲ ಆಸನದಲ್ಲೇ ಇರುತ್ತದೆ. ಬರಿ ಚಾಪೆಯ ಮೇಲೆ ಕೂತರೆ ಮಂಡಿ ಸೊಂಟಕ್ಕಿಂತ ಮೇಲೇಳುತ್ತದೆ, ಸೊಂಟ ಹಿಂದಕ್ಕೆ ವಾಲಿ ಬೆನ್ನು ಗೂನಾಗುತ್ತದೆ, ಹೊಟ್ಟೆ ಒತ್ತಿ ಉಸಿರು ಮೋಟಾಗುತ್ತದೆ. ಕಂಬಳಿ ಮಡಿಚಿ ಮೂರು-ನಾಲ್ಕು ಅಂಗುಲ ಎತ್ತರ ಮಾಡಿ, ಅದರ ಮುಂದಿನ ಅಂಚಿನ ಮೇಲೆ ಕೂರಿ. ಮಂಡಿ ಕೆಳಗಿಳಿದರೆ ಬೆನ್ನು ತಾನಾಗಿ ನಿಲ್ಲುತ್ತದೆ. ಆದರೂ ಮಂಪರು ಬಂದರೆ ಕಣ್ಣು ಅರ್ಧ ತೆರೆದು, ಬಾಯಿಬಿಟ್ಟು ಒಂಬತ್ತು ಸಲ ಓಂಕಾರ ಹೇಳಿ. ಅದಕ್ಕೂ ಬಗ್ಗದಿದ್ದರೆ ಎದ್ದು ನಿಂತು, ಒಂದು ಕೈ ಮೇಲೆತ್ತಿ ಪಕ್ಕಕ್ಕೆ ಬಾಗುವ ಅರ್ಧಕಟಿ ಚಕ್ರಾಸನವನ್ನು ಎರಡೂ ಬದಿಗೆ ಮಾಡಿ ಮತ್ತೆ ಕೂರಿ. ರಾತ್ರಿ ಊಟ ಭಾರವಾಗಿದ್ದರೆ, ನಿದ್ದೆ ಕಡಿಮೆಯಾಗಿದ್ದರೆ ಯಾವ ಉಪಾಯವೂ ನಡೆಯದು. ಧನುರ್ಮಾಸದ ಹುಗ್ಗಿ ಧ್ಯಾನ ಮುಗಿದ ಮೇಲೆಯೇ.

ವಿಕ್ಷೇಪ ಬೇರೆ ಜಾತಿ. ಪತಂಜಲಿಗಳು ಅದರ ಜೊತೆಗಾರರನ್ನು ಹೆಸರಿಸಿದ್ದಾರೆ: ದುಃಖ, ಮನಸ್ಸಿನ ಕಹಿ, ಮೈ ನಡುಕ, ಏರುಪೇರಾದ ಉಸಿರು. ಇಲ್ಲಿ ಯೋಚನೆಯ ಜೊತೆ ಗುದ್ದಾಡುವುದೇ ದೊಡ್ಡ ತಪ್ಪು. ಗುದ್ದಾಟವೂ ಇನ್ನೊಂದು ಯೋಚನೆ ತಾನೇ? ಉಸಿರಿನಿಂದ ಹಿಡಿಯಿರಿ. ನಾಲ್ಕು ಎಣಿಕೆ ಒಳಗೆ, ಆರು ಎಣಿಕೆ ಹೊರಗೆ, ಹತ್ತು ಸುತ್ತು. ಕುಂಭಕ, ಎಂದರೆ ಉಸಿರು ಹಿಡಿಯುವುದು, ಬೇಡ. ಆಮೇಲೆ ಐದು ಭ್ರಾಮರಿ: ಬಾಯಿ ಮುಚ್ಚಿ, ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವುದು. ಎಣಿಕೆಗಾಗಿ ಉಸಿರನ್ನು ಎಳೆದರೆ ಮುಂದಿನ ಉಸಿರಿಗೆ ಬಾಯಿ ಬಿಡಬೇಕಾಗುತ್ತದೆ. ಹಾಗಾದರೆ ಆರನ್ನು ಐದಕ್ಕೆ ಇಳಿಸಿ.

ಬೆಂಗಳೂರು ಬಳಿಯ ಜಿಗಣಿಯಲ್ಲಿ, ಪ್ರಶಾಂತಿ ಕುಟೀರದ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲಿ ಕಲಿಸುವ ಆವರ್ತನ ಧ್ಯಾನ ಇದೇ ಶ್ಲೋಕದ ಮೇಲೆ ನಿಂತಿದೆ. ಡಾ. ಎಚ್.ಆರ್. ನಾಗೇಂದ್ರ ರೂಪಿಸಿದ ಕ್ರಮ ಅದು. ಮಲಗಿ ಇಡೀ ಮೈ ಬಿಗಿದು ಸಡಿಲಿಸುವುದು. ನಿಂತು ಅರ್ಧಕಟಿ ಚಕ್ರಾಸನ, ಮುಂದಕ್ಕೆ ಬಾಗುವ ಪಾದಹಸ್ತಾಸನ, ಹಿಂದಕ್ಕೆ ಬಾಗುವ ಅರ್ಧಚಕ್ರಾಸನ. ಕೂತು ಮುಂದಕ್ಕೆ ಬಾಗುವ ಶಶಾಂಕಾಸನ, ಮಂಡಿಯೂರಿ ಹಿಂದಕ್ಕೆ ಬಾಗುವ ಉಷ್ಟ್ರಾಸನ. ಕೊನೆಗೆ ದೀರ್ಘ ಶವಾಸನ. ಆಸನ ಎಚ್ಚರಿಸುತ್ತದೆ, ನಡುವಿನ ವಿಶ್ರಾಂತಿ ಶಮನಗೊಳಿಸುತ್ತದೆ. ಬರಿದೇ ಕೂರಲಾಗದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಕಾಣೆ. ಕೆಡುವುದು ಅವಸರದಿಂದ: ಕಣ್ಣು ಮುಚ್ಚಿ, ಕೈ ಮೇಲೇರುವ ಒಂದೊಂದು ಅಂಗುಲವೂ ಗಮನಕ್ಕೆ ಬರುವಷ್ಟು ನಿಧಾನಿಸಬೇಕು. ತಲೆಸುತ್ತು ಇರುವವರು ನಿಂತಾಗ ಕಣ್ಣು ತೆರೆದಿರಲಿ. ರಕ್ತದೊತ್ತಡ ಹೆಚ್ಚಿರುವವರು ಪಾದಹಸ್ತಾಸನದಲ್ಲಿ ಪೂರ್ತಿ ಬಾಗುವುದು ಬೇಡ.

ಕಷಾಯ, ಎಂದರೆ ಶ್ಲೋಕ ಹೇಳಿದ ಆಸೆಯ ಕಲೆ, ಅದರದು ಸೂಕ್ಷ್ಮ. ನಿದ್ದೆಯಿಲ್ಲ, ಅಲೆದಾಟವಿಲ್ಲ, ಆದರೂ ಮನಸ್ಸು ಮುಂದಕ್ಕೆ ಹೋಗದು. ಅಲ್ಲಿ ಶ್ಲೋಕ "ಮಾಡು" ಎನ್ನುವುದಿಲ್ಲ, "ತಿಳಿ" ಎನ್ನುತ್ತದೆ. ಯಾವ ಹಳೆಯ ಆಸೆ ಹಿಡಿದಿದೆ ಎಂದು ನೋಡಿ, ಜಪಕ್ಕೆ ಮರಳಿದರೆ ಸಾಕು.

ಸಮ ಬಂದ ಕ್ಷಣದಲ್ಲಿ ಹೆಚ್ಚಿನವರು ಅದನ್ನು ಅಳೆಯಲು ಹೊರಡುತ್ತಾರೆ: "ಆಹಾ, ಬಂತು!" ಅಷ್ಟಕ್ಕೇ ಅದು ಹೋಗುತ್ತದೆ. ಆ ಸುಖವನ್ನು ಸವಿಯುತ್ತಲೂ ಕೂರಬೇಡ ಎಂದು ಮರುಶ್ಲೋಕವೇ ತಡೆಯುತ್ತದೆ. ಗಡಿಯಾರ ನೋಡುವ ಚಪಲವೂ ಇದೇ ಹೊತ್ತಿಗೆ ಏಳುವುದರಿಂದ, ಇಪ್ಪತ್ತು ನಿಮಿಷಕ್ಕೆ ಮೆಲುದನಿಯ ಅಲಾರಂ ಇಟ್ಟು ಫೋನನ್ನು ಬೆನ್ನ ಹಿಂದೆ, ಕೈಗೆಟುಕದಷ್ಟು ದೂರದಲ್ಲಿಡಿ.